ಗರಗಸಕ್ಕೆ ಸಿಕ್ಕ ಡಕೋಟಾ

1941ರಲ್ಲಿ ಚೀನಾದ ಸುಯಿಫು ವಿಮಾನ ನಿಲ್ದಾಣದಲ್ಲಿ ಇಳಿದು ನಿಂತಿದ್ದ ಒಂದು ಡಿಸಿ-3 ವಿಮಾನದ ಬಲ ರೆಕ್ಕೆಯನ್ನು ಜಪಾನಿನ ಬಾಂಬು ಧ್ವಂಸ ಮಾಡಿತು. ಚೈನಾ ನ್ಯಾಷನಲ್ ಏವಿಯೇಷನ್ ಕಾರ್ಪೊರೇಷನ್ ಎಂಬ ಕಂಪನಿಯ ವಿಮಾನ ಅದು. ಬದಲಿಗೆ ರೆಕ್ಕೆ ಹುಡುಕಿದರೆ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿದ್ದು ಹಿಂದಿನ ತಲೆಮಾರಿನ ಡಿಸಿ-2ರದ್ದು, ಅದೂ ಐದು ಅಡಿ ಗಿಡ್ಡ. ಕಂಪನಿಯವರು ಹಿಂದೆಮುಂದೆ ನೋಡಲಿಲ್ಲ. ಆ ರೆಕ್ಕೆಯನ್ನು ಇನ್ನೊಂದು ವಿಮಾನದ ಹೊಟ್ಟೆಯಡಿ ಬಿಗಿದು ಹಾರಿಸಿ ತಂದರು, ಮುರಿದ ಕಡೆ ಕೂಡಿಸಿದರು, ಒಂದು ಕಡೆ ಉದ್ದ ಇನ್ನೊಂದು ಕಡೆ ಮೋಟು ಇದ್ದ ಆ ವಿಮಾನವನ್ನು ಹಾಂಗ್‌ಕಾಂಗ್‌ಗೆ ಹಾರಿಸಿಕೊಂಡು ಹೋದರು. ವಿಮಾನ ಇತಿಹಾಸದಲ್ಲಿ ಅದಕ್ಕೆ ‘ಡಿಸಿ ಎರಡೂವರೆ’ ಎಂಬ ಹೆಸರೇ ನಿಂತಿತು.

ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರಿಗೆ ಈ ಕಥೆ ಬಾಯಿಪಾಠ. 1/72 ಅಳತೆಯಲ್ಲಿ ಐದು ಅಡಿ ಎಂದರೆ 21 ಮಿಲಿಮೀಟರ್. ಡಿಸಿ-3ರ ಸೇನಾ ರೂಪವಾದ ಡಕೋಟಾದ ಕಿಟ್ಟಿನ ಒಂದು ರೆಕ್ಕೆಯಿಂದ ಅಷ್ಟು ಕತ್ತರಿಸಿ ತುದಿಯನ್ನು ಉಜ್ಜಿ ಸರಿಮಾಡಿದರೆ ಸುಯಿಫುವಿನ ವಿಮಾನ ಮೇಜಿನ ಮೇಲೆ ಬಂದು ಕೂರುತ್ತದೆ. ಫೈಟರ್ ವಿಮಾನದ ಮಾಡೆಲ್ ಮಾಡುವವರ ಪೈಪೋಟಿಯೆಲ್ಲ ಹೆಚ್ಚಾಗಿ ಬಣ್ಣದಲ್ಲಿ, ಗುರುತುಗಳಲ್ಲಿ. ಸೇನಾ ಸಾಗಣೆ ವಿಮಾನ ಹಿಡಿದವರ ಕೈಗೆ ಮಾತ್ರ ಬೇಗನೆ ಗರಗಸ ಬರುತ್ತದೆ. ಕಾರಣ ಸರಳ: ಅಸಲಿ ಸಾಗಣೆ ವಿಮಾನಗಳನ್ನೂ ಯಾರೂ ಕಾರ್ಖಾನೆಯಿಂದ ಬಂದ ಹಾಗೆಯೇ ಬಿಟ್ಟಿಲ್ಲ. ಎಳೆದು ಉದ್ದ ಮಾಡಿದ್ದಾರೆ, ಬೆನ್ನಿನ ಮೇಲೆ ಇನ್ನೊಂದು ಎಂಜಿನ್ ಕೂರಿಸಿದ್ದಾರೆ, ಕಿಟಕಿಯಲ್ಲಿ ಬಂದೂಕು ತೂರಿಸಿದ್ದಾರೆ.

ಈ ಹವ್ಯಾಸದ ಅಳತೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಆರಡಿ ಆಳು ಒಂದು ಇಂಚಿಗೆ ಇಳಿಯುವ 1/72ನ್ನು 1930ರ ದಶಕದ ಆರಂಭದಲ್ಲಿ ‘ಸ್ಕೈಬರ್ಡ್ಸ್’ ಎಂಬ ಮರದ ಕಿಟ್‌ಗಳು ರೂಢಿಗೆ ತಂದವು. 1936ರಲ್ಲಿ ಫ್ರಾಗ್ ಕಂಪನಿಯ ‘ಪೆಂಗ್ವಿನ್’ ಸರಣಿ ಅದೇ ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಆದರೆ ಮನೆಮನೆಗೆ ಈ ಅಳತೆಯನ್ನು ಮುಟ್ಟಿಸಿದ್ದು ಆಟವಲ್ಲ, ಯುದ್ಧ. 1942ರಲ್ಲಿ ಅಮೆರಿಕದ ನೌಕಾಪಡೆ ದೇಶದ ಶಾಲಾಮಕ್ಕಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. ಶತ್ರು ಯಾರು, ಮಿತ್ರ ಯಾರು ಎಂದು ಫಿರಂಗಿ ದಳದವರು ಆಕಾರ ನೋಡಿಯೇ ಹೇಳಬೇಕಿತ್ತು. 35 ಅಡಿ ದೂರದಲ್ಲಿ ಹಿಡಿದ 1/72 ಮಾದರಿ, ಸುಮಾರು ಅರ್ಧ ಮೈಲಿ ಆಚೆಯ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಹೀಗೆ ಹುಡುಗರು ಪೈನ್ ಮರ ಕೆತ್ತಿ, ಕಪ್ಪು ಬಣ್ಣ ಬಳಿದು ಕೊಟ್ಟ ತುಂಡುಗಳು ತರಬೇತಿ ಕೊಠಡಿಗಳ ಸೂರಿನಿಂದ ನೇತಾಡಿದವು. ಯುದ್ಧ ಮುಗಿದ ಮೇಲೂ ಆ ಅಳತೆ ಉಳಿದುಕೊಂಡಿತು.

ಏರ್‌ಫಿಕ್ಸ್ ಕಂಪನಿ ಕಿಟ್ ಮಾರುಕಟ್ಟೆಗೆ ಬಂದದ್ದು ಇದಾದ ಮೇಲೆ. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಲಂಡನ್ನಿನಲ್ಲಿ ಗಾಳಿ ತುಂಬುವ ರಬ್ಬರ್ ಆಟಿಕೆ ಮಾಡಲು ತೆರೆದ ಕಂಪನಿ ಅದು; ನಡುವೆ ಬಾಚಣಿಗೆಯನ್ನೂ ಮಾಡಿತು. 1952ರಲ್ಲಿ ‘ಗೋಲ್ಡನ್ ಹೈಂಡ್’ ಎಂಬ ಹಡಗಿನ ಕಿಟ್ಟನ್ನು ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗ್‌ಗೆ ಮಾರಲು ಶುರುಮಾಡಿದ ಮೇಲೆ ಅದರ ದಿಕ್ಕೇ ಬದಲಾಯಿತು. 1960ರ ಹೊತ್ತಿಗೆ ಅದರ ಪಟ್ಟಿಯಲ್ಲಿ ಡಕೋಟಾ ಇತ್ತು. ಆ ದಶಕ ಮುಗಿಯುವುದರೊಳಗೆ ಅಮೆರಿಕದ ದೊಡ್ಡ ಸಾಗಣೆ ವಿಮಾನ ಹರ್ಕ್ಯುಲಿಸ್ ಕೂಡ ಬಂತು.

ಆದರೂ ಸಾಗಣೆ ವಿಮಾನದ ಕಿಟ್‌ಗಳು ಯಾವತ್ತೂ ಕಡಿಮೆಯೇ. 1/72ರಲ್ಲಿ ಸ್ಪಿಟ್‌ಫೈರ್ ಫೈಟರ್‌ನ ರೆಕ್ಕೆಯ ಹರವು 16 ಸೆಂಟಿಮೀಟರ್ ಆಸುಪಾಸು. ಅದೇ ಅಳತೆಯ ಹರ್ಕ್ಯುಲಿಸ್‌ನದು 56. ದೊಡ್ಡ ಅಚ್ಚು, ದೊಡ್ಡ ಪೆಟ್ಟಿಗೆ, ದೊಡ್ಡ ಬೆಲೆ, ಸಣ್ಣ ಗಿರಾಕಿ ಬಳಗ. ಹಾಗಾಗಿ ಕಂಪನಿ ಒಂದು ಆವೃತ್ತಿಯ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತದೆ, ಉಳಿದ ಇಪ್ಪತ್ತು ಆವೃತ್ತಿ ಬೇಕಾದವನು ತಾನೇ ಮಾಡಿಕೊಳ್ಳಬೇಕು. 1960ರಲ್ಲಿ ಆರಂಭವಾದ ‘ಏರ್‌ಫಿಕ್ಸ್ ಮ್ಯಾಗಜಿನ್’ ಇಂಥವರಿಗೆ ಪಾಠಶಾಲೆಯಾಯಿತು. ಇರುವ ಕಿಟ್ಟನ್ನು ಕತ್ತರಿಸಿ ಇಲ್ಲದ ವಿಮಾನ ಮಾಡುವ ಬಗೆಯನ್ನು ನಕ್ಷೆ ಸಮೇತ ವಿವರಿಸುವ ಲೇಖನಗಳು ಅದರಲ್ಲಿ ಬರುತ್ತಿದ್ದವು.

ಇಂಥ ಕೆಲಸಕ್ಕೆ ಒಳ್ಳೆಯ ಉದಾಹರಣೆ ಬ್ರಿಟಿಷ್ ವಾಯುಪಡೆಯ ಉದ್ದನೆಯ ಹರ್ಕ್ಯುಲಿಸ್. ಹರ್ಕ್ಯುಲಿಸ್‌ಗೆ ಭಾರ ಹೊರುವ ಶಕ್ತಿ ಇನ್ನೂ ಉಳಿದಿರುವಾಗಲೇ ಒಳಗಿನ ಜಾಗ ತುಂಬಿಹೋಗುತ್ತಿತ್ತು. ಅದಕ್ಕೆ 1970ರ ದಶಕದ ಕೊನೆಯಲ್ಲಿ 30 ವಿಮಾನಗಳನ್ನು ಕತ್ತರಿಸಿ ಉದ್ದ ಮಾಡಲು ತೀರ್ಮಾನವಾಯಿತು. ಮೊದಲನೆಯದನ್ನು ಅಮೆರಿಕದಲ್ಲಿ ಲಾಕ್‌ಹೀಡ್ ಮಾಡಿತು, ಉಳಿದ 29ನ್ನು ಕೇಂಬ್ರಿಡ್ಜ್‌ನ ಮಾರ್ಷಲ್ ಕಂಪನಿ 1985ರ ವೇಳೆಗೆ ಮುಗಿಸಿತು. ರೆಕ್ಕೆಯ ಮುಂದೆ ಒಂದು ಕಡೆ ಒಡಲನ್ನು ಕತ್ತರಿಸಿ 100 ಇಂಚಿನ ತುಂಡು, ಹಿಂದೆ ಇನ್ನೊಂದು ಕಡೆ 80 ಇಂಚಿನ ತುಂಡು. ಒಟ್ಟು 15 ಅಡಿ. 92 ಸೈನಿಕರ ಬದಲು 128 ಮಂದಿ ಕೂರುವ ಹಾಗಾಯಿತು.

ಮಾಡೆಲ್ ಮಾಡುವವರು ಇದನ್ನೇ 72ರಿಂದ ಭಾಗಿಸಿಕೊಂಡರು. ಮುಂದೆ 35 ಮಿಲಿಮೀಟರ್, ಹಿಂದೆ 28. ಲೆಕ್ಕ ಸುಲಭ, ಕೆಲಸ ಕಷ್ಟ. ಹರ್ಕ್ಯುಲಿಸ್‌ನ ಒಡಲು ನಡುವೆ ಕೊಳವೆಯಾಕಾರದ್ದಾದ್ದರಿಂದ ಎರಡನೆಯ ಕಿಟ್ಟೊಂದನ್ನು ಬಲಿಕೊಟ್ಟು ಅದರಿಂದ ಉಂಗುರಗಳನ್ನು ಕತ್ತರಿಸಿಕೊಳ್ಳಬಹುದು. ಜೇಬು ಒಪ್ಪದವರು ಪ್ಲಾಸ್ಟಿಕ್ ಹಾಳೆಯನ್ನು ಬಗ್ಗಿಸಿ ಸುತ್ತುತ್ತಾರೆ. ಒಡಲಿನ ಸುತ್ತ ಟೇಪು ಸುತ್ತಿ, ಅದರ ಅಂಚಿಗೆ ಚೂಪಾದ ಮೊನೆ ಒತ್ತಿ ಗೆರೆ ಹಾಕಿ, ಆಮೇಲೆ ಸಣ್ಣ ಹಲ್ಲಿನ ಗರಗಸ. ಕೊಯ್ತ ಅರ್ಧ ಮಿಲಿಮೀಟರ್ ಓರೆಯಾದರೂ ಸಾಕು, ಬಣ್ಣ ಬಳಿದ ದಿನ ವಿಮಾನ ಬಾಳೆಹಣ್ಣಿನ ಹಾಗೆ ಬಾಗಿರುವುದು ಕಾಣುತ್ತದೆ. ಒಳಗಡೆ ಪಟ್ಟಿಗಳನ್ನು ಅಂಟಿಸಿ ಜೋಡಣೆಗೆ ಬಲ ಕೊಡಬೇಕು, ಹೊರಗೆ ಪುಟ್ಟಿ ತುಂಬಬೇಕು, ನೀರು ಹಚ್ಚಿ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು. ಉಜ್ಜುವಾಗ ಅಳಿಸಿಹೋದ ತಗಡಿನ ಗೆರೆಗಳನ್ನು ಮತ್ತೆ ಕೊರೆಯುವುದು ಈ ಕೆಲಸದಲ್ಲೇ ಬೇಸರದ ಭಾಗ. ಅದನ್ನು ಬಿಟ್ಟವರ ಮಾಡೆಲ್ಲು ದೂರದಿಂದ ಚೆಂದ.

ಇನ್ನೊಂದು ವಿಷಯವನ್ನು ಪೆಟ್ಟಿಗೆಯ ಮೇಲಿನ ಚಿತ್ರ ಹೇಳುವುದಿಲ್ಲ. ಮೂತಿಯ ಕೆಳಗೆ ಚಕ್ರವಿರುವ ವಿಮಾನದ ಮಾಡೆಲ್ಲಿಗೆ ಒಡಲನ್ನು ಮುಚ್ಚುವ ಮೊದಲೇ ಮೂತಿಯೊಳಗೆ ಸೀಸದ ತುಂಡು ಇಡದಿದ್ದರೆ, ಎಲ್ಲ ಮುಗಿದ ಮೇಲೆ ಅದು ಬಾಲ ಊರಿ ಕುಳಿತುಬಿಡುತ್ತದೆ. ಡಕೋಟಾಗೆ ಈ ತಾಪತ್ರಯವಿಲ್ಲ, ಅದು ಹುಟ್ಟಿನಿಂದಲೇ ಬಾಲ ಊರಿ ನಿಲ್ಲುವ ಜಾತಿ.

ಭಾರತದ ವಿಮಾನಗಳ ಕಡೆ ಬಂದರೆ ಗರಗಸಕ್ಕಿಂತ ಹೆಚ್ಚು ಕೆಲಸ ಸೇರಿಸುವುದರಲ್ಲಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕನ್ನರ ಕೈಗೆ ಹೋಗಿ ಡಕೋಟಾದಂಥ ವಿಮಾನಗಳ ದುರಸ್ತಿ ಮನೆಯಾಗಿತ್ತು. ಬಿಚ್ಚುವುದು, ಬದಲಿಸುವುದು ಎಂದರೆ ಏನೆಂದು ಅಲ್ಲಿನವರಿಗೆ ಆಗಲೇ ಕೈಗೆ ಹತ್ತಿತ್ತು. 1954ರಿಂದ ವಾಯುಪಡೆಗೆ ಸಿ-119 ಪ್ಯಾಕೆಟ್ ವಿಮಾನಗಳು ಬಂದವು: ಎರಡು ಎಂಜಿನ್, ಎರಡು ಬಾಲದ ಕಂಬ, ನಡುವೆ ಪೆಟ್ಟಿಗೆಯಂಥ ಒಡಲು. ಸುಮಾರು ಹತ್ತೂವರೆ ಸಾವಿರ ಅಡಿ ಎತ್ತರದ ಲೇಹ್‌ನಂಥ ಕಡೆ ಗಾಳಿ ತೆಳು. ತುಂಬಿದ ಪ್ಯಾಕೆಟ್‌ನ ಒಂದು ಎಂಜಿನ್ ಏರುವಾಗ ಕೈಕೊಟ್ಟರೆ ಕಥೆ ಮುಗಿದಂತೆ. ಪರಿಹಾರವಾಗಿ ಒಡಲಿನ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದರು. ಮೊದಲು ಅಮೆರಿಕದ ವೆಸ್ಟಿಂಗ್‌ಹೌಸ್ ಎಂಜಿನ್, ಆಮೇಲೆ ಆರ್ಫಿಯಸ್. ನ್ಯಾಟ್ ಫೈಟರ್‌ಗೆಂದು ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಎಂಜಿನ್ ಆರ್ಫಿಯಸ್. 1962ರ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ 16,000 ಅಡಿಗೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದ್ದು ಪ್ಯಾಕೆಟ್ ವಿಮಾನವನ್ನೇ.

ಇಟಲಿಯ ಇಟಾಲೆರಿ ಕಂಪನಿಯ 1/72 ಪ್ಯಾಕೆಟ್ ಕಿಟ್ ಕೊಂಡವನಿಗೆ ಈ ಬೆನ್ನೇರಿದ ಎಂಜಿನ್ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಹಳೆಯ ಯಾವುದೋ ಫೈಟರ್ ಕಿಟ್ಟಿನಲ್ಲಿ ಮಿಕ್ಕ ಇಂಧನ ಟ್ಯಾಂಕಿನ ಎರಡು ಹೋಳುಗಳಿಂದ ಶುರುಮಾಡುವುದು ಈ ಹವ್ಯಾಸದ ಹಳೆಯ ಉಪಾಯ. ಮುಂದಿನ ಬಾಯಿ ತೆರೆದು, ಹಿಂದೆ ಕೊಳವೆ ಕೂರಿಸಿ, ಕೆಳಗೆ ಒಡಲಿಗೆ ಹೊಂದುವಂತೆ ಪುಟ್ಟಿಯಿಂದ ಬುಡ ಕಟ್ಟುತ್ತಾರೆ. ರೇಡಿಯೊ ತಂತಿ ಬೇಕೆಂದರೆ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನೇ ಮೇಣದಬತ್ತಿಯ ಮೇಲೆ ಮೆತ್ತಗೆ ಮಾಡಿ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ಇಲ್ಲಿ ಎದುರಾಗುವ ನಿಜವಾದ ಕಷ್ಟ ಅಂಟಿನದಲ್ಲ, ಆಧಾರದ್ದು. ಯಾವ ವರ್ಷ, ಯಾವ ಸ್ಕ್ವಾಡ್ರನ್, ಯಾವ ಎಂಜಿನ್ ಎಂಬುದನ್ನು ಹಳೆಯ ಕಪ್ಪು ಬಿಳುಪು ಫೋಟೊಗಳಿಂದ ಬಿಡಿಸಿಕೊಳ್ಳಬೇಕು.

ಹೊರಗೆ ಏನೂ ಬದಲಾಗದೆ ಒಳಗೆ ಎಲ್ಲ ಬದಲಾದ ವಿಮಾನಗಳು ಇನ್ನೊಂದು ಬಗೆ. 1947–48ರ ಕಾಶ್ಮೀರ ಯುದ್ಧದಲ್ಲಿ ಡಕೋಟಾದ ಬಾಗಿಲಿನಿಂದ ಬಾಂಬುಗಳನ್ನು ಕೈಯಲ್ಲೇ ಉರುಳಿಸಿದ್ದರು. 1971ರಲ್ಲಿ ವಾಯುಪಡೆಯ 44ನೇ ಸ್ಕ್ವಾಡ್ರನ್ ಸೋವಿಯತ್ ಒಕ್ಕೂಟದ ಎಎನ್-12 ಸಾಗಣೆ ವಿಮಾನಗಳನ್ನು ಬಾಂಬರ್‌ಗಳಾಗಿ ಬಳಸಿ ಪಾಕಿಸ್ತಾನದ ಛಾಂಗಾ ಮಾಂಗಾ ಕಾಡಿನ ಮದ್ದುಗುಂಡಿನ ಸಂಗ್ರಹದ ಮೇಲೆ ದಾಳಿ ಮಾಡಿತು. ಇದನ್ನು ಮಾಡೆಲ್ಲಿನಲ್ಲಿ ತೋರಿಸಬೇಕಾದರೆ ಹಿಂದಿನ ಬಾಗಿಲು ತೆರೆದು, ಒಳಗಿನ ನೆಲವನ್ನು ಹೊಸದಾಗಿ ಕಟ್ಟುವುದೊಂದೇ ದಾರಿ. ಅಮೆರಿಕನ್ನರು ವಿಯೆಟ್ನಾಂನಲ್ಲಿ ಡಕೋಟಾದ ಎಡಬದಿಗೆ ಮೂರು ಮಿನಿಗನ್ ಜೋಡಿಸಿದ್ದಕ್ಕೆ ಸಿದ್ಧ ಕಿಟ್‌ಗಳು ಸಿಗುತ್ತವೆ. ಛಾಂಗಾ ಮಾಂಗಾದ ಎಎನ್-12ಕ್ಕೆ ಆ ಭಾಗ್ಯವಿಲ್ಲ. ಕಿಟ್ ಮಾರುಕಟ್ಟೆ ಯಾರ ಯುದ್ಧ ನೆನಪಿಡುತ್ತದೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಮಾಡೆಲ್ಲಿಗರು ಸ್ವಲ್ಪ ಹಿಂಜರಿದೇ ಮುಟ್ಟುವ ಒಂದು ವಿಮಾನವೂ ಇದೆ. ಕಾನ್ಪುರದಲ್ಲಿ ಜೋಡಿಸುತ್ತಿದ್ದ ಆವ್ರೊ ಸಾಗಣೆ ವಿಮಾನವೊಂದರ ಮೇಲೆ ರಕ್ಷಣಾ ಸಂಶೋಧನಾ ಸಂಸ್ಥೆಯ ಬೆಂಗಳೂರಿನ ವಿಜ್ಞಾನಿಗಳು ತಟ್ಟೆಯಾಕಾರದ ರೇಡಾರ್ ಗುಮ್ಮಟ ಕೂರಿಸಿ ಪರೀಕ್ಷಿಸುತ್ತಿದ್ದರು. 1999ರ ಜನವರಿಯಲ್ಲಿ ತಮಿಳುನಾಡಿನ ಅರಕ್ಕೋಣಂ ಬಳಿ ಆ ವಿಮಾನ ಬಿದ್ದು ಎಂಟು ಮಂದಿ ತೀರಿಕೊಂಡರು, ಅವರಲ್ಲಿ ನಾಲ್ವರು ವಿಜ್ಞಾನಿಗಳು.

ಸುಲಭದ ಕಡೆ ಹೊರಳುವವರಿಗೆ ಈಗ ದಾರಿ ಹೆಚ್ಚಿದೆ. 2011ರಲ್ಲಿ ಭಾರತಕ್ಕೆ ಬಂದ, 2013ರಲ್ಲಿ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದ ಸೂಪರ್ ಹರ್ಕ್ಯುಲಿಸ್ ಅದೇ ಹದಿನೈದು ಅಡಿ ಉದ್ದದ ಆವೃತ್ತಿ. ಹಳೆಯ ಕಿಟ್ಟಿನಿಂದ ಅದನ್ನು ಮಾಡುವವರು ಒಡಲು ಎಳೆದರಷ್ಟೇ ಸಾಲದು, ನಾಲ್ಕು ಎಲೆಯ ಪ್ರೊಪೆಲ್ಲರ್ ಕಿತ್ತು ಕತ್ತಿಯಂತೆ ಬಾಗಿದ ಆರು ಎಲೆಯದ್ದನ್ನು ಕೂರಿಸಬೇಕು. ಆ ಪ್ರೊಪೆಲ್ಲರ್‌ಗಳನ್ನು ರೆಸಿನ್‌ನಲ್ಲಿ ಎರಕ ಹೊಯ್ದು, ಇಲ್ಲವೆ ತ್ರೀಡಿ ಪ್ರಿಂಟ್ ಮಾಡಿ ಮಾರುವವರಿದ್ದಾರೆ.

ಭಾರತದ ಡಕೋಟಾ ಮಾಡುವವರಿಗೆ ಮಾತ್ರ ಹೊಸ ಗೊಂದಲವೊಂದು ಸೇರಿಕೊಂಡಿದೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಒಯ್ದ ಡಕೋಟಾಗಳಲ್ಲಿ ಒಂದರ ಸಂಖ್ಯೆ ವಿಪಿ 905. 2018ರಲ್ಲಿ ಅದೇ ಸಂಖ್ಯೆ ಹೊತ್ತ ಇನ್ನೊಂದು ಡಕೋಟಾ ವಾಯುಪಡೆಗೆ ಸೇರಿತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಹಾರಿಸುತ್ತಿದ್ದ ತಮ್ಮ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ ಗುಜರಿ ಸೇರಬೇಕಿದ್ದ ವಿಮಾನವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕೊಟ್ಟರು. ಹೆಸರು ‘ಪರಶುರಾಮ’. ಹೊಸ ವಿಪಿ 905ರಲ್ಲಿ ಇಂದಿನ ಸಂಚಾರಕ್ಕೆ ಬೇಕಾದ ಉಪಕರಣಗಳಿವೆ, 1947ರದರಲ್ಲಿ ಅವು ಇರಲಿಲ್ಲ. ಇಂದು ಸಿಗುವ ಸ್ಪಷ್ಟವಾದ ಬಣ್ಣದ ಫೋಟೊಗಳೆಲ್ಲ ಪರಶುರಾಮನವು. ಶ್ರೀನಗರದ ಡಕೋಟಾ ಕಟ್ಟಲು ಕುಳಿತವನು ಆ ಫೋಟೊಗಳನ್ನು ಬದಿಗಿಟ್ಟು, ಸಂಖ್ಯೆಯ ಸ್ಟಿಕರ್ ನೀರಿಗೆ ಹಾಕುವ ಮುಂಚೆಯೇ ಯಾವ ವಿಪಿ 905 ಎಂದು ನಿಶ್ಚಯಿಸಿಕೊಳ್ಳಬೇಕು.