ಕಾಯಿಲೆ ಸೈನಿಕನದು, ಪುರಾವೆ ಯಾರದು? ಅಮೆರಿಕದ ‘ಪ್ಯಾಕ್ಟ್’ ಕಾಯ್ದೆಯ ಒಳಗಿನ ಲೆಕ್ಕ

ಇರಾಕಿನ ಬಲಾದ್‌ನಲ್ಲಿ ಅಮೆರಿಕದ ದೊಡ್ಡ ಸೇನಾ ನೆಲೆಯೊಂದಿತ್ತು. ಸಾವಿರಾರು ಜನ ಇರೋ ಜಾಗ ಅಂದ ಮೇಲೆ ಕಸವೂ ರಾಶಿ ಬೀಳುತ್ತೆ. ಪ್ಲಾಸ್ಟಿಕ್, ಬ್ಯಾಟರಿ, ಬಣ್ಣದ ಡಬ್ಬಿ, ಆಸ್ಪತ್ರೆಯ ತ್ಯಾಜ್ಯ, ಎಲ್ಲವನ್ನೂ ಸುಮಾರು 10 ಎಕರೆಯ ಬಯಲು ಗುಂಡಿಗೆ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರು. ಒಂದು ಹಂತದಲ್ಲಿ ದಿನಕ್ಕೆ 100 ಟನ್ನಿಗೂ ಹೆಚ್ಚು. ಇರಾಕ್, ಅಫ್ಘಾನಿಸ್ತಾನದ ಎಷ್ಟೋ ನೆಲೆಗಳಲ್ಲಿ ಇದೇ ಪದ್ಧತಿ. ಈ ಗುಂಡಿಗಳಿಗೆ ‘ಬರ್ನ್ ಪಿಟ್’ ಅಂತ ಹೆಸರು. ಅದರ ಹೊಗೆ ಸೈನಿಕರು ಮಲಗೋ ಜಾಗದ ಮೇಲೇ ಹಾದುಹೋಗುತ್ತಿತ್ತು.

ಊರಿಗೆ ಮರಳಿದ ಎಷ್ಟೋ ಸೈನಿಕರಿಗೆ ವರ್ಷಗಳ ನಂತರ ಉಸಿರಾಟದ ತೊಂದರೆ, ಅಪರೂಪದ ಕ್ಯಾನ್ಸರ್‌ಗಳು ಕಾಣಿಸಿಕೊಂಡವು. ಅಲ್ಲಿನ ಮಾಜಿ ಸೈನಿಕರ ಇಲಾಖೆಗೆ (ವಿಎ) ಅರ್ಜಿ ಹಾಕಿದರೆ, ಬರ್ನ್ ಪಿಟ್ ಹೆಸರಲ್ಲಿ ಬಂದ 10 ಅರ್ಜಿಗಳಲ್ಲಿ 7ಕ್ಕೂ ಹೆಚ್ಚು ತಿರಸ್ಕೃತವಾಗುತ್ತಿದ್ದವು. ಯಾಕೆ? ಇದು ಗೊತ್ತಾದರೆ 2022ರ ಪ್ಯಾಕ್ಟ್ ಕಾಯ್ದೆ ಏನು ಬದಲಾಯಿಸಿತು ಅನ್ನೋದೂ ತಾನಾಗೇ ಗೊತ್ತಾಗುತ್ತೆ.

ಮೂರು ಪುರಾವೆಗಳ ಬಾಗಿಲು

ಸೇವೆಯಿಂದ ಕಾಯಿಲೆ ಬಂದಿದೆ ಅಂತ ಒಪ್ಪಿಸಲು ಸಾಮಾನ್ಯವಾಗಿ ಮೂರು ದಾಖಲೆ ಬೇಕು. ಒಂದು, ಈಗ ಕಾಯಿಲೆ ಇದೆ ಅನ್ನೋದಕ್ಕೆ ವೈದ್ಯರ ವರದಿ. ಎರಡು, ಸೇವೆಯಲ್ಲಿದ್ದಾಗ ಅಪಾಯ ತಟ್ಟಿತ್ತು ಅನ್ನೋದಕ್ಕೆ ಸಾಕ್ಷ್ಯ. ಮೂರು, ಇವೆರಡಕ್ಕೂ ಸಂಬಂಧವಿದೆ ಅಂತ ವೈದ್ಯಕೀಯ ಅಭಿಪ್ರಾಯ.

ಕಾಲಿಗೆ ಗುಂಡು ತಗುಲಿದ್ದರೆ ಇದೇನೂ ಕಷ್ಟವಲ್ಲ. ಹೊಗೆಯ ವಿಷಯದಲ್ಲಿ ಎರಡನೇ ದಾಖಲೆಗೇ ಎಲ್ಲ ನಿಂತುಹೋಗುತ್ತೆ. ಯಾವ ಸೈನಿಕ ಎಷ್ಟು ಹೊಗೆ ಕುಡಿದ ಅಂತ ಅಳೆದವರು ಯಾರು? ಅಳೆಯಬೇಕಾಗಿದ್ದು ಸೇನೆ. ಅದು ಅಳೆದಿಲ್ಲ. ಅಳತೆ ಇಲ್ಲದ್ದಕ್ಕೆ ಶಿಕ್ಷೆ ಮಾತ್ರ ಸೈನಿಕನಿಗೆ. ನಾನು ಎಂಜಿನಿಯರಿಂಗ್ ಓದುವಾಗ ಕಲಿತ ಮೊದಲ ಪಾಠಗಳಲ್ಲಿ ಒಂದು: ಸೆನ್ಸರ್ ಇಲ್ಲದ ಕಡೆ ರೀಡಿಂಗ್ ಸೊನ್ನೆ ಅಂತ ಬರೆದುಕೊಳ್ಳಬಾರದು. ಇಲಾಖೆ ಮಾಡುತ್ತಿದ್ದದ್ದು ಹೆಚ್ಚುಕಮ್ಮಿ ಅದೇ.

ವಿಯೆಟ್ನಾಂ ಕಲಿಸಿದ ದಾರಿ

ಈ ಜಗಳ ಹೊಸದಲ್ಲ. 1962ರಿಂದ 1971ರವರೆಗೆ ವಿಯೆಟ್ನಾಂ ಕಾಡುಗಳ ಮೇಲೆ ಅಮೆರಿಕ ಕಳೆನಾಶಕ ಸುರಿಯಿತು. ಅದರಲ್ಲಿ ಕುಖ್ಯಾತವಾದದ್ದು ಏಜೆಂಟ್ ಆರೆಂಜ್, ಅದರೊಳಗಿನ ವಿಷ ಡಯಾಕ್ಸಿನ್. ಸಿಂಪಡಣೆ ನಿಂತು 20 ವರ್ಷವಾದ ಮೇಲೆ, 1991ರಲ್ಲಿ ಏಜೆಂಟ್ ಆರೆಂಜ್ ಕಾಯ್ದೆ ಬಂತು. ವಿಯೆಟ್ನಾಂನಲ್ಲಿ ಸೇವೆ ಮಾಡಿದವರು ವಿಷಕ್ಕೆ ಒಡ್ಡಿಕೊಂಡಿದ್ದಾರೆ ಅಂತಲೇ ಎಣಿಸಬೇಕು, ಪಟ್ಟಿಯಲ್ಲಿರೋ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದು ಅಂತ ತಿಳಿಯಬೇಕು. ಕಾನೂನಿನಲ್ಲಿ ಇದಕ್ಕೆ ‘ಪ್ರಿಸಂಪ್ಷನ್’ ಅಂತಾರೆ. ಅಂದ್ರೆ, ಅಲ್ಲ ಅನ್ನೋದಕ್ಕೆ ಪುರಾವೆ ಸಿಗೋವರೆಗೂ ಹೌದು ಅಂತಲೇ ಲೆಕ್ಕ.

ಪ್ಯಾಕ್ಟ್ ಕಾಯ್ದೆ ಮಾಡಿದ್ದೇನು?

ಕಾಯ್ದೆಗೆ ಹೀತ್ ರಾಬಿನ್ಸನ್ ಅವರ ಹೆಸರಿದೆ. ಓಹಿಯೋದ ಈ ಸಾರ್ಜೆಂಟ್ ಕೊಸೊವೊ ಮತ್ತು ಇರಾಕ್‌ನಲ್ಲಿ ಸೇವೆ ಮಾಡಿ, 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಸೂದೆಯ ಹಾದಿಯೂ ಸುಲಭದ್ದಲ್ಲ. 2022ರ ಜೂನ್‌ನಲ್ಲಿ ಸೆನೆಟ್ 84–14 ಮತಗಳಿಂದ ಒಪ್ಪಿತ್ತು. ತಾಂತ್ರಿಕ ತಿದ್ದುಪಡಿಗೆಂದು ಮತ್ತೆ ಬಂದಾಗ, ಜುಲೈನಲ್ಲಿ ಬೇಕಾದ 60 ಮತ ಸಿಗದೆ ನಿಂತುಹೋಯಿತು. ಮಾಜಿ ಸೈನಿಕರು ಸಂಸತ್ತಿನ ಮೆಟ್ಟಿಲ ಮೇಲೆ ಹಗಲು ರಾತ್ರಿ ಕೂತರು. ಹಾಸ್ಯಗಾರ ಜಾನ್ ಸ್ಟೀವರ್ಟ್ ಅವರ ಪರವಾಗಿ ದನಿ ಎತ್ತಿದರು. ಆಗಸ್ಟ್ 2ರಂದು 86–11ರಿಂದ ಪಾಸಾಯಿತು, 10ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು.

ಮುಖ್ಯ ಅಂಶಗಳು ಇವು:

• ಇರಾಕ್, ಕುವೈತ್, ಸೌದಿ ಮೊದಲಾದ ಕಡೆ 1990ರ ಆಗಸ್ಟ್ 2ರ ನಂತರ, ಅಫ್ಘಾನಿಸ್ತಾನ, ಸಿರಿಯಾ ಮೊದಲಾದ ಕಡೆ 2001ರ ಸೆಪ್ಟೆಂಬರ್ 11ರ ನಂತರ ಸೇವೆ ಮಾಡಿದವರು ಹೊಗೆ, ವಿಷಕ್ಕೆ ಒಡ್ಡಿಕೊಂಡವರು ಅಂತಲೇ ಎಣಿಕೆ.

• 20ಕ್ಕೂ ಹೆಚ್ಚು ಕಾಯಿಲೆಗಳು ಪಟ್ಟಿಗೆ ಸೇರಿದವು. ಸೇವೆಯ ನಂತರ ಪತ್ತೆಯಾದ ಅಸ್ತಮಾ, ಶ್ವಾಸಕೋಶದ ಫೈಬ್ರೋಸಿಸ್, ಮೆದುಳು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇತ್ಯಾದಿ.

• ಏಜೆಂಟ್ ಆರೆಂಜ್ ಪಟ್ಟಿಗೆ ಅಧಿಕ ರಕ್ತದೊತ್ತಡವೂ ಸೇರಿತು. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ಗುವಾಮ್‌ನಲ್ಲಿದ್ದವರೂ ಒಳಗೆ ಬಂದರು.

• ವಿಎ ಆರೋಗ್ಯ ಸೇವೆಗೆ ನೋಂದಾಯಿಸಿದ ಪ್ರತಿಯೊಬ್ಬರಿಗೂ ಕನಿಷ್ಠ 5 ವರ್ಷಕ್ಕೊಮ್ಮೆ ವಿಷಕ್ಕೆ ಒಡ್ಡಿಕೊಂಡಿದ್ದಾರಾ ಅನ್ನೋ ವಿಚಾರಣೆ.

ಪುರಾವೆಯೇ ಬೇಡ ಅಂತಲ್ಲ. ರೋಗನಿರ್ಣಯ ಬೇಕು, ಸೇವೆಯ ಜಾಗ ಮತ್ತು ದಿನಾಂಕದ ದಾಖಲೆ ಬೇಕು. ಸೈನಿಕನ ತಲೆಯಿಂದ ಇಳಿದದ್ದು, ಯಾರೂ ಅಳೆಯದ ಹೊಗೆಯನ್ನು ಸಾಬೀತು ಮಾಡೋ ಹೊರೆ ಮಾತ್ರ. ಅರ್ಜಿ ಮಂಜೂರಾದರೆ ಅಂಗವೈಕಲ್ಯದ ಶೇಕಡಾ ಲೆಕ್ಕದ ಮೇಲೆ ತೆರಿಗೆ ಇಲ್ಲದ ಮಾಸಿಕ ಪರಿಹಾರ, ಚಿಕಿತ್ಸೆ ಸಿಗುತ್ತೆ. ಹಿಂದೆ ತಿರಸ್ಕೃತರಾದವರೂ ಮತ್ತೆ ಅರ್ಜಿ ಹಾಕಬಹುದು. ಕಾಯಿಲೆಯಿಂದ ಸೈನಿಕ ತೀರಿಕೊಂಡಿದ್ದರೆ ಸಂಗಾತಿಗೂ ಹಕ್ಕಿದೆ. 2024ರ ಮೇ ಹೊತ್ತಿಗೆ ಈ ಕಾಯ್ದೆಯಡಿ ಮಂಜೂರಾದ ಅರ್ಜಿಗಳು 10 ಲಕ್ಷ ದಾಟಿದವು. ಇಷ್ಟು ಜನ ಹೊಸ್ತಿಲಾಚೆ ನಿಂತಿದ್ದರು ಅನ್ನೋದನ್ನೂ ಈ ಸಂಖ್ಯೆಯೇ ಹೇಳುತ್ತೆ.

ಪಟ್ಟಿಯ ಹೊರಗೆ ಉಳಿದವರು

ಪಟ್ಟಿ ಅಂದ ಮೇಲೆ ಗೆರೆ ಇರುತ್ತೆ, ಗೆರೆಯಾಚೆ ಜನರೂ ಇರುತ್ತಾರೆ. ಕಾಯಿಲೆ ಪಟ್ಟಿಯಲ್ಲಿಲ್ಲದಿದ್ದರೆ ಮತ್ತೆ ಆ ಮೂರು ಪುರಾವೆಗಳೇ ಗತಿ. ಅದೇ ನೆಲೆಗಳಲ್ಲಿ ಗುತ್ತಿಗೆ ಕಂಪನಿಗಳ ಪರವಾಗಿ ಅಡುಗೆ, ಬಟ್ಟೆ ಒಗೆಯೋ ಕೆಲಸ ಮಾಡಿದ ಭಾರತ, ನೇಪಾಳ, ಫಿಲಿಪ್ಪೀನ್ಸ್‌ನವರೂ ಇದೇ ಗಾಳಿ ಉಸಿರಾಡಿದ್ದರು. ಪ್ಯಾಕ್ಟ್ ಕಾಯ್ದೆ ಅವರದ್ದಲ್ಲ. ಅವರು ವಿಮಾ ಕಂಪನಿಯ ಮುಂದೆ ಬೇರೆ ಕಾನೂನಿನಡಿ ಹೋಗಬೇಕು. ಹೊಗೆ ಬೀಸಿದ ಕಡೆ ಮನೆ ಇದ್ದ ಇರಾಕಿಗಳಿಗೂ ಈ ಕಾಯ್ದೆಯಲ್ಲಿ ಜಾಗವಿಲ್ಲ.

ನಮಗೇನು ಸಂಬಂಧ?

ಪ್ರಿಸಂಪ್ಷನ್ ಅನ್ನೋ ಮಾತು ನಮ್ಮಲ್ಲೂ ಇದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಸೇನೆಗೆ ಸೇರುವಾಗ ಕಾಯಿಲೆ ನಮೂದಾಗಿರದಿದ್ದರೆ ಆತ ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು, ಆಮೇಲೆ ಬಂದದ್ದು ಸೇವೆಯಿಂದ ಅಲ್ಲ ಅಂತ ತೋರಿಸೋ ಹೊಣೆ ಸೈನಿಕನದಲ್ಲ. ಕೊಡಗಿನಂಥ, ಮನೆಮನೆಯಲ್ಲೂ ಸೇನೆಯ ನೆನಪಿರೋ ಜಿಲ್ಲೆಯವರಿಗೆ ಇದು ತಿಳಿದಿರಬೇಕಾದ ತೀರ್ಪು.

ಸೈನಿಕನನ್ನು ಎಲ್ಲಿಗೆ ಕಳಿಸಬೇಕು, ಅಲ್ಲಿ ಏನು ಸುಡಬೇಕು ಅಂತ ತೀರ್ಮಾನಿಸೋದು ಸರ್ಕಾರ. ಗಾಳಿ ಅಳೆಯೋ ಉಪಕರಣವೂ ಅದರ ಕೈಲೇ ಇರುತ್ತೆ. ಹಾಗಿದ್ದ ಮೇಲೆ ಪುರಾವೆ ಹುಡುಕೋ ಕೆಲಸವನ್ನು ಉಸಿರಾಡೋಕೇ ಕಷ್ಟಪಡುತ್ತಿರೋ ಮನುಷ್ಯನಿಗೆ ವಹಿಸೋದು ಯಾವ ನ್ಯಾಯ? ಅಮೆರಿಕ ಈ ಪ್ರಶ್ನೆಗೆ ಎರಡು ಸಲ ಉತ್ತರ ಕೊಟ್ಟಿದೆ. ಎರಡು ಸಲವೂ ತಡವಾಗಿ.