ಅನಾಥ ಗರ್ಭಿಣಿಯರ ರಕ್ಷಣೆ

ಗರ್ಭಿಣಿಯ ರಕ್ಷಣೆಯು ಯಾರ ಹೊಣೆ ಎಂಬ ಪ್ರಶ್ನೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯಲ್ಲಿ ರೂಢಿಯೇ ಉತ್ತರ ಕೊಟ್ಟಿರುವುದು. ಬಸುರಿಗೆ ಕುಬಸ ಮಾಡುವರು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಕೆಯ ಊಟ ಬಡಿಸುವರು. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವರು. ಆದರೆ ಈ ರೂಢಿಯೆಲ್ಲವೂ ಗಂಡನೂ ತವರೂ ಉಳ್ಳವಳನ್ನು ಕುರಿತದ್ದು. ದೇವರಿಗೆ ಬಿಟ್ಟ ಹೆಣ್ಣು, ಗಂಡನು ತೊರೆದ ಹೆಂಗಸು, ಕಬ್ಬು ಕಡಿಯಲು ಊರಿಂದೂರಿಗೆ ಅಲೆಯುವ ಕೂಲಿಯವಳು, ಇವರಿಗೆ ಕುಬಸ ಮಾಡುವವರಾರು? ಈ ಪ್ರಶ್ನೆಯ ಪೂರ್ವೋತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಆಯುರ್ವೇದದಲ್ಲಿ ಗರ್ಭಿಣೀ ಪರಿಚರ್ಯೆಯು ವಿಸ್ತಾರವಾಗಿ ಹೇಳಲ್ಪಟ್ಟಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮೊದಲ ತಿಂಗಳಿಗೆ ಬರಿಯ ಹಾಲು, ಮೂರನೆಯದಕ್ಕೆ ಜೇನು ತುಪ್ಪಗಳೊಡನೆ ಹಾಲು, ನಾಲ್ಕನೆಯದಕ್ಕೆ ಬೆಣ್ಣೆ, ಹೀಗೆ ಮಾಸಾನುಮಾಸದ ಆಹಾರಕ್ರಮವಿದೆ. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದರಿಂದ ತಾಯಿಯು ಎರಡು ಹೃದಯಗಳುಳ್ಳವಳಾಗುವಳೆಂದೂ, ಆಗ ಆಕೆಯ ಬಯಕೆಯನ್ನು ತಿರಸ್ಕರಿಸಬಾರದೆಂದೂ ಸುಶ್ರುತನ ಮತವು. ನಮ್ಮ ಹೆಂಗಸರ ಬಯಕೆಯ ಊಟಕ್ಕೂ ಈ ದೌಹೃದಕ್ಕೂ ಇರುವ ಸಂಬಂಧವು ಸ್ಪಷ್ಟವೇ ಆಗಿದೆ. ಆದರೂ ಹಾಲು ತುಪ್ಪಗಳ ಈ ಶಾಸ್ತ್ರವು ಉಳ್ಳವರ ಮನೆಯನ್ನೇ ಕಣ್ಣಮುಂದಿಟ್ಟುಕೊಂಡು ಹುಟ್ಟಿದುದೆಂಬುದನ್ನು ಒಪ್ಪಬೇಕಾಗುವುದು.

ಇಲ್ಲದವಳ ಚಿಂತೆಯನ್ನು ಮಾಡಿದವರು ವೈದ್ಯರಿಗಿಂತ ಹೆಚ್ಚಾಗಿ ನೀತಿಕಾರರು. ಬಾಲರು, ವೃದ್ಧರು, ಅನಾಥರು ಮೊದಲಾದವರನ್ನು ಪೋಷಿಸಬೇಕಾದ ರಾಜಧರ್ಮವನ್ನು ಹೇಳುವಲ್ಲಿ ಕೌಟಿಲ್ಯನು ದಿಕ್ಕಿಲ್ಲದ ಸ್ತ್ರೀಯನ್ನೂ ಸೇರಿಸಿರುವನು. ಅಲ್ಲಿಯ ‘ಅಪ್ರಜಾತಾ’ ಎಂಬ ಪದಕ್ಕೆ, ೧೯೦೫ರಲ್ಲಿ ಮೈಸೂರಿನಲ್ಲಿ ಆ ಗ್ರಂಥವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳು ಗರ್ಭಿಣಿಯೆಂದೇ ಅರ್ಥಮಾಡಿದರು. ಇನ್ನೂ ಹೆರದವಳೆಂದಷ್ಟೇ ಹೇಳುವ ಪಂಡಿತರೂ ಇರುವರು. ಆದರೆ ನದೀ ದಾಟುವ ಸುಂಕದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗರ್ಭಿಣಿಯರು ಸುಂಕವಿಲ್ಲದೆ ದಾಟತಕ್ಕದ್ದೆಂದು ಅರ್ಥಶಾಸ್ತ್ರವೂ ಮನುಸ್ಮೃತಿಯೂ ವಿಧಿಸುತ್ತವೆ. ಕೃಷ್ಣೆಯನ್ನೂ ಘಟಪ್ರಭೆಯನ್ನೂ ಹರಿಗೋಲಿನಲ್ಲಿ ದಾಟಿ ಬದುಕಿದ ಸೀಮೆಯವರಿಗೆ ಈ ವಿಧಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆ ಸೌಕರ್ಯಕ್ಕೆ ಬಸಿರೇ ಸಾಕಾದ ಅರ್ಹತೆ. ಆಕೆಯ ಗಂಡನಾರೆಂಬ ವಿಚಾರಣೆಯು ಅಲ್ಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಇನ್ನು ಈಚಿನ ಕಾಲಕ್ಕೆ ಬರೋಣ. ೧೮೮೫ರಲ್ಲಿ ಲೇಡಿ ಡಫರಿನ್ನರ ನಿಧಿಯು ಸ್ಥಾಪಿತವಾಗಿ ಹಿಂದೀ ಸ್ತ್ರೀಯರಿಗೆ ಸ್ತ್ರೀವೈದ್ಯರ ನೆರವು ದೊರೆಯಲಾರಂಭಿಸಿತು. ೧೯೨೯ರಲ್ಲಿ ಮುಂಬಯಿ ಪ್ರಾಂತವು ಹೆರಿಗೆಯ ಭತ್ಯದ ಕಾಯದೆಯನ್ನು ದೇಶದಲ್ಲಿಯೇ ಮೊದಲು ಮಾಡಿತು. ಆದರೆ ಅದು ಕಾರಖಾನೆಯಲ್ಲಿ ದುಡಿಯುವವರಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಮನೆಯಲ್ಲಿಯೇ ನೂಲು ಸುತ್ತಿ ಮಗ್ಗಕ್ಕೆ ನೆರವಾಗುವ ನೇಕಾರರ ಹೆಂಗಸಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಮೇಲಾಗಿ ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿ, ಜಮಖಂಡಿಯು ಪಟವರ್ಧನರ ಸಂಸ್ಥಾನದಲ್ಲಿ, ಮುಧೋಳವು ಘೋರ್ಪಡೆಯವರಲ್ಲಿ ಹಂಚಿಹೋಗಿದ್ದುದರಿಂದ ಮುಂಬಯಿಯ ಕಾಯದೆಯು ಸಂಸ್ಥಾನಗಳ ಗಡಿಯಲ್ಲಿಯೇ ನಿಲ್ಲುತ್ತಿದ್ದಿತು. ೧೯೩೪ರ ದೇವದಾಸೀ ಸಂರಕ್ಷಣಾ ಕಾಯದೆಗೂ ಇದೇ ಗತಿ. ಆ ಕಾಲದ ಸ್ಥಿತಿಯು ಎಂತಹದೆಂಬುದು ಭೋರ್ ಸಮಿತಿಯ ೧೯೪೬ರ ವರದಿಯಿಂದ ತಿಳಿಯುವುದು: ಬಸಿರು ಬಾಣಂತನಗಳ ಕಾರಣದಿಂದ ದೇಶದಲ್ಲಿ ವರ್ಷಕ್ಕೆ ಸುಮಾರು ೨ ಲಕ್ಷ ಸ್ತ್ರೀಯರು ಮರಣಹೊಂದುತ್ತಿದ್ದರು.

೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾದವು. ೧೯೫೬ರಲ್ಲಿ ಈ ಸೀಮೆಯು ಕನ್ನಡ ರಾಜ್ಯಕ್ಕೆ ಸೇರಿತು. ೧೯೮೨ರ ಕಾಯದೆಯು ಹೆಣ್ಣನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ೨೦೧೭ರಲ್ಲಿ ಮಾತೃಪೂರ್ಣ ಯೋಜನೆಯು ಆರಂಭವಾಗಿ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೆ ಅನ್ನ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿಗಳು ದೊರೆತವು. ಚರಕನ ಹಾಲು ಬಡವಿಯ ಬಳಿಗೆ ಬಂದಿತೆನ್ನಬೇಕು. ಅದೇ ವರ್ಷ ಕೇಂದ್ರ ಸರಕಾರವು ಮಾತೃವಂದನಾ ಯೋಜನೆಯಿಂದ ೫,೦೦೦ ರೂಪಾಯಿಗಳ ನೆರವನ್ನು ಏರ್ಪಡಿಸಿತು. ಆದರೆ ಅರ್ಜಿಯಲ್ಲಿ ಗಂಡನ ಆಧಾರ ಚೀಟಿಯನ್ನೂ ಕೇಳಲಾಗುತ್ತಿದ್ದಿತು. ಯಾವಳಿಗೆ ಗಂಡನಿಲ್ಲವೋ ಅವಳಿಗೇ ನೆರವು ಹೆಚ್ಚು ಬೇಕು. ಗಂಡನಿಲ್ಲವೆಂದೇ ಅವಳಿಗೆ ನೆರವು ತಪ್ಪುವುದು! ೨೦೨೨ರಿಂದ ಜಾರಿಯಾದ ಹೊಸ ನಿಯಮಗಳಲ್ಲಿ ಈ ಕಟ್ಟಳೆಯನ್ನು ಬಿಟ್ಟುದು ಉಚಿತವೇ ಆಯಿತು.

ಸರಕಾರವು ಕೇಳುವುದನ್ನು ಬಿಟ್ಟರೂ ಸಮಾಜವು ಬಿಟ್ಟಿದೆಯೇ? ಮೊದಲ ಮೂರು ತಿಂಗಳೊಳಗೆ ಒಂದು ತಪಾಸಣೆ, ಒಟ್ಟು ನಾಲ್ಕಕ್ಕೆ ಕಡಿಮೆಯಾಗದಂತೆ ಪರೀಕ್ಷೆಗಳು, ಕಬ್ಬಿಣಾಂಶದ ಗುಳಿಗೆ, ಧನುರ್ವಾಯುವಿನ ಸೂಜಿಮದ್ದು, ಇಷ್ಟು ಎಲ್ಲ ಗರ್ಭಿಣಿಯರಿಗೂ ಸಲ್ಲತಕ್ಕದ್ದು. ಇದು ತಪ್ಪುವುದು ಬಹುಮಟ್ಟಿಗೆ ಔಷಧದ ಕೊರತೆಯಿಂದಲ್ಲ. ಸಾಲಿನಲ್ಲಿ ನಿಂತವಳನ್ನು ನಾಲ್ಕು ಜನರೆದುರು ಗಂಡನ ಹೆಸರು ಕೇಳುವುದರಿಂದ, ಒಂದು ದಿನದ ಕೂಲಿ ಹೋಗುವುದೆಂಬ ಅಂಜಿಕೆಯಿಂದ. ಮನೆಗೆಲಸಕ್ಕೆ ಬರುವ ಬಸುರಿಗೆ ಪಗಾರ ಹಿಡಿಯದೆ ಆ ನಾಲ್ಕು ದಿನ ಬಿಡುವು ಕೊಡುವುದು ಗೃಹಸ್ಥರಿಗೆ ಭಾರವಾಗಲಾರದು. ಗರ್ಭಿಣಿಗೆ ಅತಿಥಿಗಿಂತಲೂ ಮೊದಲು ಉಣಬಡಿಸಬೇಕೆಂದು ಮನುಸ್ಮೃತಿಯು ಗೃಹಸ್ಥನಿಗೆ ಹೇಳುತ್ತದೆ. ಆ ಮಾತನ್ನು ನಮ್ಮ ಸೊಸೆಯ ಮಟ್ಟಿಗೆ ನಡೆಸುತ್ತಲೇ ಬಂದಿರುವೆವು. ಅಂಗಳ ಗುಡಿಸುವವಳ ಮಟ್ಟಿಗೂ ನಡೆಸತಕ್ಕ ಕಾಲವು ಬಂದಿದೆ.