ಹಾಡಿನ ಹಿಂದೆ ಕೂತವರು

ಮೊನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾರ್ವಿನ್ ಗೇ ಹಾಡಿದ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ ಕೇಳಿದೆ. 1971ರ ಮೇ ತಿಂಗಳಲ್ಲಿ ಬಂದದ್ದು. ಇಷ್ಟು ವರ್ಷ ಹೆಸರು ಕೇಳಿದ್ದೆ, ಹಾಡು ಕೇಳಿರಲಿಲ್ಲ. ಸೋಲ್ ಸಂಗೀತ ಅಂದ್ರೆ ಪ್ರೀತಿ, ವಿರಹ, ಕುಣಿತ ಅಷ್ಟೇ ಅಂದುಕೊಂಡಿದ್ದೆ. ಒಟ್ಟು ಒಂಬತ್ತು ಹಾಡು. ಒಂದು ಮುಗಿದದ್ದು ಗೊತ್ತಾಗೋ ಮೊದಲೇ ಇನ್ನೊಂದು ಶುರುವಾಗಿರುತ್ತೆ. ಮುಗಿದಾಗ ಎದ್ದು ನೀರು ಕುಡಿದು ಬಂದು ಮತ್ತೆ ಮೊದಲಿಂದ ಹಾಕಿದೆ.

ಇದರ ಹಿಂದಿನ ಕಥೆ ಹುಡುಕಿ ಓದಿದ್ದು ಆಮೇಲೆ. ಡೆಟ್ರಾಯ್ಟ್‌ನ ಮೋಟೌನ್ ಕಂಪನಿ ಶುರು ಮಾಡಿದ ಬೆರಿ ಗಾರ್ಡಿ ಮೊದಲು ಕಾರು ಕಾರ್ಖಾನೆಯಲ್ಲಿ ದುಡಿದವನು. ಹಾಡುಗಳನ್ನೂ ಹಾಗೇ ಸಾಲಾಗಿ ತಯಾರಿಸಿ, ಪರೀಕ್ಷೆ ಮಾಡಿ ಹೊರಗೆ ಬಿಡುತ್ತಿದ್ದ. ಅಂಥಾ ಕಡೆ ಈ ಹಾಡು ಯಾರಿಗೆ ಬೇಕಿತ್ತು? 1969ರಲ್ಲಿ ಬರ್ಕ್ಲಿಯಲ್ಲಿ ಪೋಲೀಸರು ಹುಡುಗರನ್ನು ಬಡಿದದ್ದನ್ನು ಕಂಡು 'ಫೋರ್ ಟಾಪ್ಸ್' ತಂಡದ ಓಬಿ ಬೆನ್ಸನ್ ಇದನ್ನು ಕಟ್ಟಲು ಶುರು ಮಾಡಿದ್ದ. ಅವನ ತಂಡದವರೇ ಒಲ್ಲೆ ಅಂದ್ರು. ಹಾಡು ಮಾರ್ವಿನ್ ಕೈಗೆ ಬಂತು. ಅವನ ತಮ್ಮ ಫ್ರ್ಯಾಂಕಿ ವಿಯೆಟ್ನಾಂ ಯುದ್ಧದಿಂದ ವಾಪಸಾಗಿದ್ದ. ಜೊತೆಯಲ್ಲಿ ಹಾಡುತ್ತಿದ್ದ ಟ್ಯಾಮಿ ಟೆರೆಲ್ 1970ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡಿದ್ದಳು. ಗಾರ್ಡಿಗೆ ಹಾಡು ಹಿಡಿಸಲಿಲ್ಲ. ಮಾರ್ವಿನ್ ಜಗ್ಗಲಿಲ್ಲ. 1971ರ ಜನವರಿಯಲ್ಲಿ ಬಿಡುಗಡೆಯಾಗಿದ್ದೇ ತಡ, ಬಿಸಿಬಿಸಿಯಾಗಿ ಮಾರಾಟವಾಯ್ತು. ಆಗ ಗಾರ್ಡಿಯೇ ಇಡೀ ಆಲ್ಬಮ್ ಬೇಕು ಅಂದ!

ಆದ್ರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಮೋಟೌನ್‌ನ ಬಹುಪಾಲು ಹಿಟ್ ಹಾಡುಗಳಿಗೆ ವಾದ್ಯ ನುಡಿಸಿದ್ದು 'ಫಂಕ್ ಬ್ರದರ್ಸ್' ಅನ್ನೋ ಒಂದೇ ಗುಂಪು. ಹತ್ತು ವರ್ಷ ಒಂದು ರೆಕಾರ್ಡಿನ ಮೇಲೂ ಅವರ ಹೆಸರಿರಲಿಲ್ಲ. ಮೊದಲು ಅಚ್ಚಾಗಿದ್ದು ಈ ಆಲ್ಬಮ್ಮಿನ ಹೊದಿಕೆಯಲ್ಲಿ. ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರಿಗೆ 'ಸಾಟಿಯಿಲ್ಲದ' ಅನ್ನೋ ವಿಶೇಷಣ ಬೇರೆ.

ಮರುವರ್ಷವೇ, 1972ರಲ್ಲಿ, ಕಂಪನಿ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. ವಾದ್ಯದವರಲ್ಲಿ ಬಹಳ ಜನ ಡೆಟ್ರಾಯ್ಟ್‌ನಲ್ಲೇ ಉಳಿದರು. ಜೇಮರ್ಸನ್ ಹಿಂದೆಯೇ ಹೋದ, ಆದ್ರೆ ಅಲ್ಲಿ ಹಳೇ ದಿನಗಳು ಮತ್ತೆ ಬರಲಿಲ್ಲ. 1983ರಲ್ಲಿ ಮೋಟೌನ್‌ನ 25 ವರ್ಷದ ಸಂಭ್ರಮ ನಡೆದಾಗ ಅವನು ದುಡ್ಡು ಕೊಟ್ಟು ಟಿಕೆಟ್ ಕೊಂಡು, ಜನರ ಮಧ್ಯೆ ಕೂತು ನೋಡಿದ ಅಂತ ಹೇಳ್ತಾರೆ. ಕೆಲವೇ ತಿಂಗಳಲ್ಲಿ ತೀರಿಕೊಂಡ. ವಯಸ್ಸು 47.

ಇದನ್ನು ಓದಿದ ಮೇಲೆ ಮೂರನೇ ಸಲ ಕೇಳಿದೆ. ಈ ಸಲ ಮಾರ್ವಿನ್‌ನನ್ನು ಬಿಟ್ಟು ಕೆಳಗಿನ ಆ ಬೇಸ್ ದನಿಯ ಹಿಂದೆಯೇ ಹೋದೆ. ಅದು ಹಾಡಿಗೆ ಆಸರೆಯಾಗಿ ಸುಮ್ಮನೆ ನಿಂತಿಲ್ಲ, ತಾನೂ ಹಾಡ್ತಾ ಇದೆ. ರೇಡಿಯೋದಲ್ಲಿ ಹಳೇ ಚಿತ್ರಗೀತೆ ಬಂದಾಗ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು ಯಾರು ಅಂತ ಕಿವಿಗೊಟ್ಟು ಕೇಳ್ತಿದ್ದ ನಾನು, ಆ ಕೊಳಲು ಯಾರದು ಅಂತ ಒಂದು ದಿನವೂ ಕೇಳಲಿಲ್ಲವಲ್ಲ...

ನಿಮಗ್ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ.